ಎಡಿಟಿಂಗ್ ಕಂಪ್ಯೂಟರ್: ಇಂಟೆಲ್, ರೈಜೆನ್, ಮ್ಯಾಕ್‌ಗಳಲ್ಲಿ ಯಾವುದು?

ಹೊಸ ಕ್ಯಾಮೆರಾದಲ್ಲಿ ಚಿತ್ರೀಕರಿಸಿದ ಮದುವೆಯ ವಿಡಿಯೊ ಟೈಮ್‌ಲೈನಿನಲ್ಲಿ ತಡವರಿಸುತ್ತಿರುವುದರಿಂದ ಯಾವ ಯಂತ್ರ ಕೊಳ್ಳಬೇಕೆಂದು ಕೇಳಿದ್ದೀರಿ. ನಿಮ್ಮ ಫೈಲುಗಳು 10-ಬಿಟ್ 4:2:2 ಎಚ್.265 (ಬಣ್ಣದ ವಿವರ ಹೆಚ್ಚಿದ್ದು, ಬಿಗಿಯಾಗಿ ಕುಗ್ಗಿಸಿಟ್ಟ) ಮಾದರಿಯವಾದ್ದರಿಂದ, ಯಂತ್ರದ ವೇಗಕ್ಕಿಂತ ಮೊದಲು ಅದರ ಚಿಪ್ ಈ ಮಾದರಿಯನ್ನು ತಾನೇ ಬಿಡಿಸಬಲ್ಲದೇ (ಡಿಕೋಡ್ ಮಾಡಬಲ್ಲದೇ) ಎಂಬುದನ್ನು ನೋಡಬೇಕು.

ಇಂಟೆಲ್‌ನ 11ನೇ ಪೀಳಿಗೆಯಿಂದೀಚಿನ, ಗ್ರಾಫಿಕ್ಸ್ ಒಳಗೊಂಡ ಪ್ರೊಸೆಸರ್‌ಗಳು ಕ್ವಿಕ್ ಸಿಂಕ್ ಎಂಬ, ವಿಡಿಯೊ ಬಿಡಿಸುವ ಅಂಗದ ಮೂಲಕ ಇದನ್ನು ನಿಭಾಯಿಸುತ್ತವೆ. ಆದರೆ ಹೆಸರಿನ ಕೊನೆಗೆ ‘ಎಫ್’ ಇರುವವುಗಳಲ್ಲಿ ಆ ಗ್ರಾಫಿಕ್ಸೇ ಇರುವುದಿಲ್ಲ. ಅಂಗಡಿಯವರು ತುಸು ಅಗ್ಗವೆಂದು ಅದನ್ನೇ ಮುಂದಿಡಬಹುದು, ಬಿಲ್ ಓದಿಕೊಳ್ಳಿ. ಎಎಮ್‌ಡಿಯ ರೈಜೆನ್ ಪ್ರೊಸೆಸರ್ ಜೊತೆ ಎನ್‌ವಿಡಿಯಾದ ಆರ್‌ಟಿಎಕ್ಸ್ 30 ಅಥವಾ 40 ಸರಣಿಯ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಎಫೆಕ್ಟ್, ಬಣ್ಣ ತಿದ್ದುಪಡಿ ಚುರುಕಾಗುತ್ತವೆಯಾದರೂ, ಈ ಫೈಲುಗಳನ್ನು ಓಡಿಸುವಾಗ ಟಾಸ್ಕ್ ಮ್ಯಾನೇಜರಿನಲ್ಲಿ ಕಾರ್ಡಿನ ‘ವಿಡಿಯೊ ಡಿಕೋಡ್’ ಗೆರೆ ನೆಲ ಹಿಡಿದೇ ಇದ್ದು, ಭಾರವೆಲ್ಲ ಪ್ರೊಸೆಸರ್ ಮೇಲೆ ಬೀಳುವುದನ್ನು ಕಾಣುವಿರಿ. ಆರ್‌ಟಿಎಕ್ಸ್ 50 ಸರಣಿಯಲ್ಲಿ ಈ ಕೊರತೆ ನೀಗಿದೆ.

ಎಂ1 ಮತ್ತು ನಂತರದ ಚಿಪ್‌ಗಳ ಮ್ಯಾಕ್ ಇವನ್ನು ಸಲೀಸಾಗಿ ಓಡಿಸುತ್ತದೆ, ಸದ್ದೂ ಕಡಿಮೆ. ಆದರೆ ಮೆಮೊರಿಯನ್ನು ಆಮೇಲೆ ಹೆಚ್ಚಿಸಲಾಗದು.

ಕೇವಲ ಕತ್ತರಿಸಿ ಜೋಡಿಸುವ ಕೆಲಸವಿದ್ದು ಮುಂದೆ ಬಿಡಿಭಾಗ ಬದಲಿಸುವ ಯೋಚನೆಯಿದ್ದರೆ ಇಂಟೆಲ್, ಊರೂರು ಹೊತ್ತೊಯ್ಯುವುದಿದ್ದರೆ ಮ್ಯಾಕ್‌ಬುಕ್, ಭಾರಿ ಎಫೆಕ್ಟ್‌ಗಳಿದ್ದರೆ ಹೊಸ ಕಾರ್ಡಿನ ರೈಜೆನ್ ಸೂಕ್ತ. ಎಡಿಟಿಂಗ್ ತಂತ್ರಾಂಶ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಲಿನಕ್ಸ್‌ನಲ್ಲಿ ಎಚ್.265 ಫೈಲುಗಳನ್ನು ತೆರೆಯುವುದಿಲ್ಲವೆಂಬುದು ಗಮನದಲ್ಲಿರಲಿ. ಹಣ ಹೊಂದುವವರೆಗೆ, ಈಗಿನ ಯಂತ್ರದಲ್ಲೇ ಪ್ರಾಕ್ಸಿ (ಹಗುರ ನಕಲು) ಫೈಲುಗಳನ್ನು ಮಾಡಿಕೊಂಡು ಎಡಿಟ್ ಮಾಡಬಹುದು.