ಅಟ್ಲಾಂಟಿಕ್ ದಾಟಲು: ರ‍್ಯಾಲಿಯ ದೋಣಿಯೋ, ಬಂದರಿನಲ್ಲಿ ಸಿಕ್ಕ ದೋಣಿಯೋ?

ಸ್ವಂತ ಹಾಯಿದೋಣಿಯಿಲ್ಲದೆ, ಸಿಬ್ಬಂದಿಯಾಗಿ ಕ್ಯಾನರಿ ದ್ವೀಪಗಳಿಂದ ಕೆರಿಬಿಯನ್‌ಗೆ ಹೋಗಬಯಸುವವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ. 1986ರಲ್ಲಿ ಆರಂಭವಾದ ಎ.ಆರ್.ಸಿ. (ಅಟ್ಲಾಂಟಿಕ್ ರ‍್ಯಾಲಿ ಫಾರ್ ಕ್ರೂಸರ್ಸ್, ಅಂದರೆ ಹಾಯಿದೋಣಿಗಳು ಒಟ್ಟಾಗಿ ಅಟ್ಲಾಂಟಿಕ್ ದಾಟುವ ವಾರ್ಷಿಕ ಯಾನ) ರ‍್ಯಾಲಿಯ ದೋಣಿಯೊಂದರಲ್ಲಿ ಮೊದಲೇ ಸ್ಥಾನ ಗೊತ್ತುಮಾಡಿಕೊಳ್ಳುವುದು ಒಂದು. ನವೆಂಬರ್‌ನಲ್ಲಿ ಕ್ಯಾನರಿಯ ಲಾಸ್ ಪಾಲ್ಮಾಸ್‌ನಿಂದ ಹೊರಡುವ ಈ ದೋಣಿಗಳು ಸುಮಾರು 2,700 ನಾಟಿಕಲ್ ಮೈಲಿ ಸಾಗಿ ಕೆರಿಬಿಯನ್‌ನ ಸೇಂಟ್ ಲೂಸಿಯಾ ದ್ವೀಪ ತಲುಪುತ್ತವೆ. ಜೀವರಕ್ಷಕ ತೆಪ್ಪ, ತುರ್ತು ಸಂಕೇತ ಕಳುಹಿಸುವ ಸಾಧನ ಮುಂತಾದವನ್ನು ಸಂಘಟಕರೇ ಪರಿಶೀಲಿಸುವುದರಿಂದ ಹೊಸಬರ ಆತಂಕ ಬಹುಪಾಲು ಕಡಿಮೆಯಾಗುತ್ತದೆ. ಆದರೆ ದೋಣಿಯ ನಾಯಕನ ಸ್ವಭಾವವನ್ನು ಯಾವ ಪರಿಶೀಲನೆಯೂ ಅಳೆಯುವುದಿಲ್ಲ.

ಇನ್ನೊಂದು, ಹೊರಡುವ ಹಂಗಾಮಿನಲ್ಲಿ ಮರೀನಾಕ್ಕೆ (ಹಾಯಿದೋಣಿಗಳು ತಂಗುವ ಬಂದರಿಗೆ) ಹೋಗಿ ದೋಣಿಯಿಂದ ದೋಣಿಗೆ ವಿಚಾರಿಸುವುದು. ಇದರಲ್ಲಿ ಖರ್ಚು ಅನೇಕ ವೇಳೆ ಊಟದ ಪಾಲಿಗೆ ಸೀಮಿತವಾಗುತ್ತದೆ, ಆದರೆ ವಾರಗಟ್ಟಲೆ ಕಾಯಬೇಕಾಗಬಹುದು ಮತ್ತು ಸುರಕ್ಷಾ ಸಾಧನಗಳನ್ನು ನೀವೇ ಕೇಳಿ, ಕಣ್ಣಾರೆ ನೋಡಬೇಕು. ಮೂರು ವಾರ ಒಂದೇ ಇಕ್ಕಟ್ಟಿನಲ್ಲಿ ಕಳೆಯಬೇಕಾದವರ ಮುಖವನ್ನು ಮೊದಲೇ ನೋಡಬಹುದೆಂಬುದು ಇದರ ದೊಡ್ಡ ಅನುಕೂಲ. ಒಂದು ದಿನ ಜೊತೆಯಲ್ಲಿ ಹಾಯಿ ಹಾಕಿ, ರಾತ್ರಿ ಕಾವಲಿನ ಪಾಳಿಗಳನ್ನು ಹೇಗೆ ಹಂಚುತ್ತಾರೆಂದು ಕೇಳಿ ತಿಳಿಯಬಹುದು.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ನಾನು ಮೊದಲ ದಾರಿಯನ್ನೇ ಹೇಳುತ್ತೇನೆ. ಸ್ಪೇನಿಗೆ ಸೇರಿದ ಕ್ಯಾನರಿಗೆ ಶೆಂಗನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ವೀಸಾ) ಬೇಕು, ಅದರ ಅವಧಿ ಸೀಮಿತ. ಗೊತ್ತಿಲ್ಲದ ದೋಣಿಗಾಗಿ ಕಾಯುತ್ತ ಆ ದಿನಗಳನ್ನು ಕಳೆದುಕೊಳ್ಳುವುದು ದುಬಾರಿ.