ಕಪ್ಪು ಕಾಯಿಗಳಿಗೆ ಕಾರೋ-ಕಾನ್: ಸಿಸಿಲಿಯನ್, ಫ್ರೆಂಚ್ ಆಡಿ ನೋಡಿದ ಮೇಲೆ

ಕಲಬುರಗಿಯ ರ‍್ಯಾಪಿಡ್ ಚೆಸ್ ಟೂರ್ನಿಯ ಕೊನೆಯ ಸುತ್ತನ್ನು ಕಪ್ಪು ಕಾಯಿಗಳಿಂದ ಗೆದ್ದ ಮೇಲೆ ನನ್ನ ನಿರ್ಧಾರ ಗಟ್ಟಿಯಾಗಿದೆ. ಎದುರಾಳಿ ಇ4 ಆಡಿದರೆ, ಅಂದರೆ ರಾಜನ ಮುಂದಿನ ಪ್ಯಾದೆಯನ್ನು ಇ4 ಎಂಬ ಮನೆಗೆ ಇಟ್ಟರೆ, ನನ್ನ ಉತ್ತರ ಸಿ6; ಈ ಆರಂಭದ ಹೆಸರೇ ಕಾರೋ-ಕಾನ್.

ಇ4ಕ್ಕೆ ಸಿ5 ಎನ್ನುವ ಸಿಸಿಲಿಯನ್ ಕೆಟ್ಟದ್ದಲ್ಲ. ವಿಶ್ವ ಚಾಂಪಿಯನ್ನರಾಗಿದ್ದ ಫಿಶರ್, ಕಾಸ್ಪರೋವ್ ಇಬ್ಬರೂ ನೆಚ್ಚಿದ, ಅದರ ನಾಯ್ಡಾರ್ಫ್ ಕವಲಿಗಾಗಿ ದಪ್ಪ ಪುಸ್ತಕವನ್ನೇ ಕೊಂಡು ಓದಿದ್ದೇನೆ. ಆದರೆ ಆ ಸ್ಥಿತಿ ಹಲಗೆಯ ಮೇಲೆ ಬರಬೇಕಾದರೆ ಬಿಳಿ ಕಾಯಿಯವರು ಡಿ4 ಆಡಿ, ಪ್ಯಾದೆ ಬದಲಾಯಿಸಿ, ಕುದುರೆಯಿಂದ ಮರಳಿ ಹೊಡೆಯಬೇಕು. ನಮ್ಮ ಕಡೆಯ ಟೂರ್ನಿಗಳಲ್ಲಿ ಎದುರು ಕೂರುವ ಶಾಲೆಯ ಹುಡುಗರು ಅಲ್ಲಿಯವರೆಗೆ ಬರುವುದೇ ಇಲ್ಲ. ಒಬ್ಬ ಎರಡನೆಯ ನಡೆಗೇ ಸಿ3 ಆಡಿ ಅಲಾಪಿನ್ ಕವಲಿಗೆ ತಿರುಗಿಸುತ್ತಾನೆ. ಇನ್ನೊಬ್ಬ ಸ್ಮಿತ್-ಮೋರಾ ಕವಲಿನಲ್ಲಿ ಪ್ಯಾದೆಯೊಂದನ್ನು ಬಿಟ್ಟುಕೊಟ್ಟು ಒಂಟೆ, ಕುದುರೆಗಳನ್ನು ಸರಸರನೆ ಹೊರತರುತ್ತಾನೆ. ಮತ್ತೊಬ್ಬ ಎಫ್4 ಆಡಿ ನೇರವಾಗಿ ರಾಜನ ಮೇಲೆಯೇ ಬರುತ್ತಾನೆ.

ಒಂದೊಂದಕ್ಕೂ ಬೇರೆ ಬೇರೆ ಸಿದ್ಧತೆ ಬೇಕು. ಕೆಲಸ ಮುಗಿಸಿ ರಾತ್ರಿ ಅರ್ಧ ಗಂಟೆ ಓದಿ, ಭಾನುವಾರ ಸೇಡಂನಿಂದ ಬೆಳಗಿನ ಬಸ್ ಹತ್ತಿ ಬಂದು ಸುತ್ತಿನ ಮೇಲೆ ಸುತ್ತು ಆಡುವವನಿಗೆ ಅದು ಆಗುವ ಮಾತಲ್ಲ. ಓದಿದ ಪುಟಗಳು ಕೆಲಸಕ್ಕೆ ಬಾರದೆ, ಯೋಚಿಸುತ್ತ ಕೂತಾಗ ಗಡಿಯಾರ ಓಡುತ್ತದೆ. ಆ ಪುಸ್ತಕದ ಹಣದಲ್ಲಿ ಇನ್ನೊಂದೆರಡು ಟೂರ್ನಿಗಳ ಪ್ರವೇಶ ಶುಲ್ಕ ಕಟ್ಟಬಹುದಿತ್ತು.

ಇ4ಕ್ಕೆ ಇ6 ಎನ್ನುವ ಫ್ರೆಂಚ್ ಬಗ್ಗೆ ಒಂದೇ ಮಾತು: ಇ6ರ ಪ್ಯಾದೆಯ ಹಿಂದೆ ಸಿ8ರ ಒಂಟೆ ಬಂದಿಯಾಗುವುದನ್ನು ನಾನು ಸಹಿಸಲಾರೆ.

ಕಾರೋ-ಕಾನ್‌ನಲ್ಲಿ ಅದೇ ಒಂಟೆ ಮೊದಲು ಹೊರಬೀಳುತ್ತದೆ. ಕೊನೆಯ ಸುತ್ತಿನಲ್ಲಿ ಹುಡುಗ ಮೂರನೆಯ ನಡೆಗೆ ಇ5 ಆಡಿದ. ನಾನು ಒಂಟೆಯನ್ನು ಎಫ್5ಕ್ಕೆ ತಂದೆ. ಅವನು ಎಚ್4 ಆಡಿದ. ಇಲ್ಲಿ ಅಭ್ಯಾಸಬಲದಿಂದ ಇ6 ಆಡಿದರೆ ಜಿ4, ಎಫ್3, ಎಚ್5 ಎಂದು ಪ್ಯಾದೆಗಳೇ ಅಟ್ಟಿಸಿಕೊಂಡು ಬಂದು ಒಂಟೆಯನ್ನು ಹಿಡಿಯುತ್ತವೆ. ನಾನು ಎಚ್5 ಆಡಿದೆ. ಬಿಳಿ ಮನೆಗಳಲ್ಲಿ ಓಡಾಡುವ ಒಂಟೆಗಳನ್ನು ಇಬ್ಬರೂ ಹೊಡೆದುಕೊಂಡು ಕಳೆದುಕೊಂಡೆವು. ಅವನಿಗೆ ಉಳಿದ, ಕಪ್ಪು ಮನೆಗಳಲ್ಲಷ್ಟೇ ಓಡಾಡುವ ಒಂಟೆಗೆ ಡಿ4, ಇ5, ಎಚ್4ರಲ್ಲಿ, ಎಲ್ಲವೂ ಕಪ್ಪು ಮನೆಗಳಲ್ಲಿ, ತನ್ನದೇ ಪ್ಯಾದೆಗಳು ಅಡ್ಡ ನಿಂತವು. ನನ್ನ ಕುದುರೆ ಇ7ರ ಮೂಲಕ ಎಫ್5ಕ್ಕೆ ಬಂದು ಡಿ4, ಎಚ್4 ಎರಡರ ಮೇಲೂ ಕಣ್ಣಿಟ್ಟಿತು. ಜಿ4 ಆಡಿ ಅದನ್ನು ಓಡಿಸಲು ಎಚ್5ರ ಪ್ಯಾದೆ ಬಿಡಲಿಲ್ಲ. ಎಚ್4 ಉದುರಿದ ಮೇಲೆ ಆಟ ಸಲೀಸಾಯಿತು.

ಅಪಾಯ ಇಲ್ಲೂ ಇದೆ. 1997ರಲ್ಲಿ ಐಬಿಎಂನ ಚೆಸ್ ಕಂಪ್ಯೂಟರ್ ಡೀಪ್ ಬ್ಲೂ ವಿರುದ್ಧದ ಆರನೆಯ ಆಟದಲ್ಲಿ ಕಾಸ್ಪರೋವ್ ಕಾರೋ-ಕಾನ್ ಆಡಿ, ಏಳನೆಯ ನಡೆಗೆ ಎಚ್6 ಇಟ್ಟರು. ಯಂತ್ರ ಇ6ರಲ್ಲಿ ಕುದುರೆಯನ್ನು ಬಲಿಕೊಟ್ಟಿತು, ಕಾಸ್ಪರೋವ್ 19 ನಡೆಗಳಲ್ಲಿ ಸೋತರು. ಆ ಕವಲಿನಲ್ಲಿ ಅವರು ನಾಲ್ಕನೆಯ ನಡೆಗೆ ಕುದುರೆಯನ್ನು ಡಿ7ಕ್ಕೆ ತಂದಿದ್ದರು. ನಾನು ಅಲ್ಲಿಯೂ ಒಂಟೆಯನ್ನೇ ಎಫ್5ಕ್ಕೆ ತರುತ್ತೇನೆ. ತರಬೇತುದಾರರಿದ್ದು ದಿನವೂ ಗಂಟೆಗಟ್ಟಲೆ ಕೂರಬಲ್ಲ ಮಕ್ಕಳು ಬೇಕಾದರೆ ಸಿಸಿಲಿಯನ್ ಕಲಿಯಲಿ.