ಆಸ್ಪತ್ರೆಯ ಅಂಗಳಕ್ಕೆ ಬ್ಯಾಟರಿ, ಕಾರ್ಖಾನೆಯ ಹಿತ್ತಲಿಗೆ ಪೆಟ್ರೋಲ್

ತುಮಕೂರಿನಲ್ಲಿ ಹುಲ್ಲುಹಾಸು, ಬೇಲಿ, ಮರಗಿಡಗಳ ನಿರ್ವಹಣೆಯ ಗುತ್ತಿಗೆ ಹಿಡಿದವರು ಎಲ್ಲಿ ಸೇರಿದರೂ ಈಗ ಮಾತು ಬ್ಯಾಟರಿ ಯಂತ್ರಗಳ ಕಡೆಗೆ ತಿರುಗುತ್ತದೆ. ಪೆಟ್ರೋಲಿನಷ್ಟು ಜೋರಿದೆಯೇ ಎಂಬುದು ಎಲ್ಲರ ಮೊದಲ ಪ್ರಶ್ನೆ. ನನ್ನ ಕೈಯಲ್ಲಿ ಒಂದು ಆಸ್ಪತ್ರೆ, ಒಂದು ಕಾಲೇಜು ಮತ್ತು ವಸಂತನರಸಾಪುರದ ಒಂದು ಕಾರ್ಖಾನೆಯ ಕೆಲಸವಿದೆ. ಕಳೆದ ಮುಂಗಾರಿಗೆ ಮುಂಚೆ 36 ವೋಲ್ಟಿನ ಬ್ಯಾಟರಿ ಯಂತ್ರಗಳನ್ನು, ಅಂದರೆ ಹುಲ್ಲು, ಕಳೆ ಕತ್ತರಿಸುವ ಬ್ರಷ್ ಕಟರ್, ಬೇಲಿ ಸವರುವ ಹೆಡ್ಜ್ ಟ್ರಿಮ್ಮರ್, ಉದುರಿದ ಎಲೆಯನ್ನು ಗಾಳಿ ಊದಿ ಸರಿಸುವ ಬ್ಲೋವರ್ ಮೂರನ್ನೂ ಕೊಂಡು, ಹಳೆಯ ಪೆಟ್ರೋಲ್ ಯಂತ್ರಗಳ ಪಕ್ಕದಲ್ಲೇ ದುಡಿಸಿದ್ದೇನೆ. ಜೋರಿನ ಬಗ್ಗೆ ನನಗೆ ತಕರಾರಿಲ್ಲ. ಪ್ಲಗ್ ಪಾಯಿಂಟ್ ಎಷ್ಟು ದೂರದಲ್ಲಿದೆ ಎಂಬುದರ ಮೇಲೆ ಉಳಿದೆಲ್ಲ ನಿಂತಿದೆ.

ಮೂರರಲ್ಲಿ ಹೆಡ್ಜ್ ಟ್ರಿಮ್ಮರಿಗೆ ನನ್ನ ಪೂರ್ತಿ ಅಂಕ. ದುರಂತಾ ಗಿಡದ ಬೇಲಿ ಕತ್ತರಿಸುವವನು ಎರಡು ಮಾರು ಮುಗಿಸಿ ಹಿಂದೆ ಸರಿಯುತ್ತಾನೆ, ಸಾಲು ನೇರ ಬಂದಿದೆಯೇ ಎಂದು ನೋಡುತ್ತಾನೆ, ಸಿಕ್ಕಿಕೊಂಡ ಕಡ್ಡಿ ಕೀಳುತ್ತಾನೆ. ಅಷ್ಟು ಹೊತ್ತೂ ಪೆಟ್ರೋಲ್ ಎಂಜಿನ್ ಸುಮ್ಮನೆ ಉರಿಯುತ್ತಿರುತ್ತದೆ, ಹೊಗೆ ಮುಖಕ್ಕೇ ಬಡಿಯುತ್ತದೆ. ಬ್ಯಾಟರಿ ಯಂತ್ರ ಬೆರಳು ಬಿಟ್ಟೊಡನೆ ನಿಲ್ಲುತ್ತದೆ. ನಮ್ಮ ಹಿರಿಯ ಕೆಲಸಗಾರರೊಬ್ಬರಿಗೆ ಮೊದಲು ಸಂಜೆ ಟೀ ಲೋಟ ಹಿಡಿಯುವಾಗ ಬೆರಳುಗಳು ಜೋಮು ಹಿಡಿದಿರುತ್ತಿದ್ದವು. ವರ್ಷಗಟ್ಟಲೆ ಎಂಜಿನ್ನಿನ ನಡುಕ ತಾಗಿದರೆ ಬೆರಳಿನ ನರ, ರಕ್ತನಾಳಗಳಿಗೇ ಪೆಟ್ಟು. ಈಗ ಅವರು ಬೇಲಿ ಕೆಲಸಕ್ಕೆ ಪೆಟ್ರೋಲ್ ಯಂತ್ರವನ್ನು ಮುಟ್ಟುವುದಿಲ್ಲ, ಮುಟ್ಟಿಸುವುದಕ್ಕೆ ನನಗೂ ಮನಸ್ಸಿಲ್ಲ.

ಆಸ್ಪತ್ರೆಯಲ್ಲಿ ಬ್ರಷ್ ಕಟರ್ ಕೂಡ ಬ್ಯಾಟರಿಯದೇ ಆಗಬೇಕು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಅಲ್ಲಿ ಹಗಲಿನ ಮಿತಿ 50 ಡೆಸಿಬೆಲ್. ಪೆಟ್ರೋಲ್ ಬ್ರಷ್ ಕಟರ್ ಹಿಡಿದವನ ಕಿವಿಯ ಹತ್ತಿರ 90 ದಾಟುತ್ತದೆ. ವಾರ್ಡಿನ ಕಿಟಕಿ ತೆರೆದು ‘ಅಣ್ಣಾ, ಸ್ವಲ್ಪ ನಿಲ್ಲಿಸಿ, ಡಾಕ್ಟರ್ ರೌಂಡ್ಸಿಗೆ ಬಂದಿದ್ದಾರೆ’ ಎಂದು ಸಿಸ್ಟರ್ ಕೂಗುವುದು, ನಾವು ಅರ್ಧಕ್ಕೆ ಬಿಟ್ಟು ಮರದಡಿ ಕೂರುವುದು ಮಾಮೂಲಾಗಿತ್ತು. ಬ್ಯಾಟರಿಯದೂ ಮೌನವಾಗಿಲ್ಲ, ಹುಲ್ಲು ಕತ್ತರಿಸುವ ನೈಲಾನ್ ತಂತಿ ಗಾಳಿ ಸೀಳುವ ಸದ್ದು ಇದ್ದೇ ಇದೆ. ಆದರೆ ಕಿಟಕಿ ತೆರೆಯುವಷ್ಟಿಲ್ಲ.

ಹಿಂಗಾರು ಬಂದಾಗ ಲೆಕ್ಕ ಬೇರೆಯಾಗುತ್ತದೆ. ತುಮಕೂರಿಗೆ ಹದವಾದ ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಕಾರ್ಖಾನೆಯ ಹಿಂಬದಿಯ ಖಾಲಿ ಜಾಗದಲ್ಲಿ ಕಾಂಗ್ರೆಸ್ ಗಿಡ ಸೊಂಟದೆತ್ತರ ನಿಲ್ಲುತ್ತದೆ, ನಡುನಡುವೆ ಲಂಟಾನ, ಎಳೆಯ ಜಾಲಿ. ಮೂರು ಹಲ್ಲಿನ ಬ್ಲೇಡ್ ಹಾಕಿ ಒದ್ದೆ ಕಾಂಡಕ್ಕೆ ಬೀಸಿದರೆ ಬ್ಯಾಟರಿ ಅರ್ಧ ಗಂಟೆಯೂ ನಿಲ್ಲುವುದಿಲ್ಲ. ಹುಲ್ಲುಹಾಸಿನ ಅಂಚಿನಲ್ಲಾದರೆ ಅದೇ ಬ್ಯಾಟರಿ ಅದರ ಎರಡರಷ್ಟು ಹೊತ್ತು ಬರುತ್ತದೆ. ನಮ್ಮ ಬ್ಯಾಟರಿ 36 ವೋಲ್ಟ್, 7.8 ಆಂಪಿಯರ್ ಅವರಿನದು, ಅಂದರೆ ಅದರಲ್ಲಿ ಹಿಡಿಯುವ ಶಕ್ತಿ ಸುಮಾರು 280 ವಾಟ್ ಅವರ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9,000 ವಾಟ್ ಅವರ್ ಇದೆ. ಪುಟ್ಟ ಎಂಜಿನ್ ಅದರಲ್ಲಿ ಐದರಲ್ಲಿ ನಾಲ್ಕು ಪಾಲು ಬಿಸಿಯಾಗಿ ಚೆಲ್ಲಿದರೂ ಉಳಿದದ್ದು ಆರು ಬ್ಯಾಟರಿಗೆ ಸಮ. ನಮಗೆ ಕೊಟ್ಟಿರುವ ಪ್ಲಗ್ ಮುಂದಿನ ಗೇಟಿನ ಸೆಕ್ಯುರಿಟಿ ಕೋಣೆಯಲ್ಲಿ. ಬಿಸಿಯೇರಿದ ಬ್ಯಾಟರಿಯನ್ನು ಅಲ್ಲಿಗೆ ಹೊತ್ತು ತಂದರೆ ಚಾರ್ಜರ್ ಕೂಡಲೇ ತುಂಬಲು ಒಪ್ಪುವುದಿಲ್ಲ, ತಣಿಯುವವರೆಗೆ ಕಾಯಿಸುತ್ತದೆ. ದಿನಗೂಲಿಯವರನ್ನು ಹಾಗೆ ಕೂರಿಸಿಕೊಂಡು ಗುತ್ತಿಗೆ ನಡೆಸಲಾಗದು.

ಅಲ್ಲಿಗೆ ಹೊಂಡಾದ ಪೆಟ್ರೋಲ್ ಬ್ರಷ್ ಕಟರ್ ಯುಎಂಕೆ 435. 35.8 ಸಿಸಿಯ ಫೋರ್ ಸ್ಟ್ರೋಕ್, ಪೆಟ್ರೋಲಿಗೆ ಆಯಿಲ್ ಬೆರೆಸುವ ರಗಳೆಯಿಲ್ಲ. ಎಂಜಿನ್ನಿಗೆ ಹಿಡಿಯುವುದು 100 ಮಿಲಿಲೀಟರ್ ಆಯಿಲ್, ಅದನ್ನು ಹೊತ್ತಿಗೆ ಸರಿಯಾಗಿ ಬದಲಿಸಿದರೆ ಸಾಕು. ಟೂ ಸ್ಟ್ರೋಕ್ ಆದರೆ 50ಕ್ಕೆ 1ರ ಲೆಕ್ಕದಲ್ಲಿ ಲೀಟರಿಗೆ 20 ಮಿಲಿಲೀಟರ್ ಬೆರೆಸಬೇಕು. ಹೊಸ ಹುಡುಗರು ಕ್ಯಾನ್ ಅದಲುಬದಲು ಮಾಡಿದರೆ ಪಿಸ್ಟನ್ ಹಿಡಿದುಕೊಂಡಿತೆಂದೇ ಅರ್ಥ. ಯಾವ ಎಂಜಿನ್ ಆದರೂ ಕೆಲಸವಿಲ್ಲದ ತಿಂಗಳುಗಳಲ್ಲಿ ಟ್ಯಾಂಕ್ ಬರಿದು ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ. ಈಗಿನ ಎಥನಾಲ್ ಬೆರೆತ ಪೆಟ್ರೋಲ್ ತೇವ ಹೀರುತ್ತದೆ, ಕಾರ್ಬ್ಯುರೇಟರಿನ ರಬ್ಬರ್ ಭಾಗಗಳನ್ನು ಕೆಡಿಸುತ್ತದೆ.

ರಿಪೇರಿಯಲ್ಲಿ ಪೆಟ್ರೋಲ್ ಮುಂದೆ. ಸ್ಪಾರ್ಕ್ ಪ್ಲಗ್, ಸ್ಟಾರ್ಟರ್ ಹಗ್ಗ ಊರಿನಲ್ಲೇ ಸಿಗುತ್ತವೆ. ನಮ್ಮ ಬ್ಲೋವರಿನ ಒಳಗಿನ ಬೋರ್ಡ್ ಕೆಟ್ಟಾಗ ಅದನ್ನು ಬೆಂಗಳೂರಿಗೆ ಕಳುಹಿಸಬೇಕಾಯಿತು. ಹೊಂಗೆ ಎಲೆ ಉದುರುವ ಕಾಲವೆಲ್ಲ ಯಂತ್ರ ಅಲ್ಲೇ ಕುಳಿತಿತ್ತು, ನಾವು ಪೊರಕೆ ಹಿಡಿದೆವು. ಮಾರುವಾಗ ಇರುವ ಮುತುವರ್ಜಿ ಆಮೇಲೆ ಇಲ್ಲದಿದ್ದರೆ ದುಡಿಯುವವರು ಹೇಗೆ ನಂಬಬೇಕು?

ಖರ್ಚಿನ ಬಗ್ಗೆ ಹೇಳುವುದಾದರೆ, ನಾಲ್ಕು ಬ್ಯಾಟರಿ ತುಂಬಲು ಒಂದು ಯೂನಿಟ್ಟಿಗಿಂತ ತುಸು ಹೆಚ್ಚು ವಿದ್ಯುತ್ ಸಾಕು. ಆ ವಿದ್ಯುತ್ತನ್ನು ಗುತ್ತಿಗೆ ಕೊಟ್ಟ ಸಂಸ್ಥೆಯೇ ಕೊಡಬೇಕು ಎಂದು ಕರಾರಿನಲ್ಲೇ ಬರೆಸಿಕೊಳ್ಳಿ. ದುಬಾರಿಯಾಗುವುದು ಬ್ಯಾಟರಿ. ನನಗೆ ಎರಡು ಬ್ಯಾಟರಿ, ಒಂದು ಚಾರ್ಜರ್ ಸೇರಿ ಕಟರಿನ ಬೆಲೆಯನ್ನೇ ದಾಟಿದವು. ಆದ್ದರಿಂದ ಮೂರು ಯಂತ್ರಕ್ಕೂ ಒಂದೇ ಬ್ಯಾಟರಿ ಕೂರುವಂತೆ ಒಂದೇ ಕಂಪನಿಯದನ್ನು ಆರಿಸಿ. ಪೂರ್ತಿ ತುಂಬಿಸಿ ತಗಡಿನ ಶೆಡ್ಡಿನಲ್ಲಿ ಬೇಸಿಗೆ ಕಳೆಯಲು ಬಿಡಬೇಡಿ. ಅರ್ಧ ಚಾರ್ಜಿನಲ್ಲಿ ತಂಪಾದ ಕೋಣೆಯಲ್ಲಿಡಿ. ಕೈಯಲ್ಲಿ ಹಣ ಕಡಿಮೆಯಿದ್ದರೆ ಮೊದಲು ಹೆಡ್ಜ್ ಟ್ರಿಮ್ಮರ್ ಕೊಳ್ಳಿ. ಆಸ್ಪತ್ರೆ, ಶಾಲೆಯ ಗುತ್ತಿಗೆ ಸಿಕ್ಕಿದ ಮೇಲೆ ಬ್ರಷ್ ಕಟರ್ ನೋಡಿದರಾಯಿತು.